ಏಳನೆಯ ಬಟ್ಟಲು

ವಿಮಾ ಕಂಪನಿಯ ಕಚೇರಿಯಲ್ಲಿ ಇಪ್ಪತ್ತು ವರ್ಷ ಫೈಲು ತಿರುವಿ ಬೇಸತ್ತ ಮನುಷ್ಯ ವಿನೀತ. ಉಣಕಲ್ಲಿನ ಮನೆಗೆ ಬಂದು ಚಹಾ ಕುಡಿದನೆಂದರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಒಂದು ವರ್ಷ ಮೀನು ಸಾಕಿದ; ಮೀನುಗಳಿಗೆ ಆ ಮನೆಯ ನೀರು ಒಗ್ಗಲಿಲ್ಲ. ಮುಂದಿನ ವರ್ಷ ದೊಡ್ಡ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಕೆರೆಯ ದಂಡೆಗೆ ಹೋಗಿ ಹಾರಿಹೋಗುವ ಹಕ್ಕಿಗಳ ಬಾಲದ ಫೋಟೋ ತೆಗೆದುಕೊಂಡು ಬಂದ. ಅದಾದ ಮೇಲೆ, ನಲವತ್ತಾರನೆಯ ವಯಸ್ಸಿನಲ್ಲಿ, ಲೇಸರ್ ಯಂತ್ರದ ಹುಚ್ಚು ಹತ್ತಿತು.

"ಇದೂ ನಾಕ ತಿಂಗಳ ಆಟ," ಎಂದು ತಾಯಿ ತಾರಾಬಾಯಿ ಅಂದುಬಿಟ್ಟರು. ತಂದೆ ವೆಂಕಣ್ಣನವರು ಪೇಪರಿನಿಂದ ತಲೆ ಎತ್ತದೆಯೇ ನಕ್ಕರು. ನಗದೆ ಇದ್ದವಳು ಹೆಂಡತಿ ಸುರಭಿ ಒಬ್ಬಳೇ. ನಗಬೇಕಾಗಿತ್ತು ಎಂದು ಅವಳಿಗೆ ಈಗ ಅನಿಸುತ್ತದೆ. ನಕ್ಕಿದ್ದರೆ ಅವನು ಮುನಿಸಿಕೊಂಡು ಬೇರೆ ಆಟ ಹುಡುಕಿಕೊಳ್ಳುತ್ತಿದ್ದನೋ ಏನೋ.

ಯಂತ್ರವೆಂದರೆ ಕಾರ್ಖಾನೆಯ ಯಂತ್ರವಲ್ಲ. ಹುಬ್ಬಳ್ಳಿಯ ಗುಜರಿ ಅಂಗಡಿಯ ಮುಜಮ್ಮಿಲನಿಂದ ಕೆಟ್ಟ ಪ್ರಿಂಟರುಗಳನ್ನು ತಂದು, ಅವುಗಳ ಹೊಟ್ಟೆ ಬಗೆದು, ಉಕ್ಕಿನ ಸರಳು, ಪುಟ್ಟ ಮೋಟಾರು, ಹಲ್ಲಿನ ಪಟ್ಟಿ ಎಲ್ಲ ಹೊರಗೆಳೆದು ಹಿತ್ತಲ ವರಾಂಡದಲ್ಲಿ ಮೂರು ತಿಂಗಳು ಜೋಡಿಸಿದ. ಊಟಕ್ಕೆ ಕೂರುವ ಮಣೆಯಷ್ಟು ಅಗಲದ ಚೌಕಟ್ಟು. ಅದರ ಮೇಲೆ ಆಚೀಚೆ ಓಡಾಡುವ ಹೆಬ್ಬೆರಳು ಗಾತ್ರದ ಒಂದು ತಲೆ. ಅದರ ಬಾಯಿಂದ ನೀಲಿ ಬೆಳಕಿನ ಕಡ್ಡಿಯೊಂದು ಕೆಳಗಿಳಿಯುತ್ತಿತ್ತು. ಕಂಪ್ಯೂಟರಿನಲ್ಲಿ ಚಿತ್ರ ಬರೆದು ಕೊಟ್ಟರೆ ಆ ಬೆಳಕು ಕಟ್ಟಿಗೆಯ ಮೇಲೆ ಅದನ್ನೇ ಸುಟ್ಟು ಮೂಡಿಸುತ್ತಿತ್ತು. ಮನೆಯೆಲ್ಲ ಸುಟ್ಟ ಕಟ್ಟಿಗೆಯ ವಾಸನೆ. ತಾರಾಬಾಯಿ ಮೂಗಿಗೆ ಸೆರಗು ಹಿಡಿದು ದೇವರ ಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಒಂದು ದಿನ ಮುಜಮ್ಮಿಲ ಯಾವುದೋ ಸಾಮಾನು ಕೊಡಲು ಮನೆಗೇ ಬಂದ. ವರಾಂಡದಲ್ಲಿ ಬಟಾಬಯಲಾಗಿ ನಿಂತಿದ್ದ ಯಂತ್ರವನ್ನು ಒಂದು ಸುತ್ತು ಹಾಕಿ ನೋಡಿ, ಹೇಳಲೋ ಬೇಡವೋ ಎಂಬಂತೆ ನಿಂತ.

"ಸಾಹೇಬ್ರ, ಇದನ್ನ ಹಿಂಗ ಬಯಲಾಗ ಇಡಬ್ಯಾಡ್ರಿ. ಒಂದ ಡಬ್ಬಿ ಮಾಡಿ ಒಳಗ ಇಡ್ರಿ. ಬೆಳಕು ಎಗರಿ ಕಣ್ಣಾಗ ಬಿತ್ತಂದ್ರ ಮುಗೀತು."

"ಮಾಡೋಣಂತ. ಮೊದಲ ಮಷೀನು ಛಲೋತ್ನಂಗ ನಡೀಲಿ," ಎಂದ ವಿನೀತ. ಮುಜಮ್ಮಿಲ ಹೋದ ಮೇಲೆ ಸುರಭಿಯ ಕಡೆ ತಿರುಗಿ ನಕ್ಕ. "ಗುಜರಿ ಮಾರಾಂವ ನನಗ ಪಾಠ ಹೇಳ್ತಾನ ನೋಡು."

ಸುರಭಿಗೆ ಕಣ್ಣಿನ ಮಾತು ಬಂದರೆ ನಗು ಬರುತ್ತಿರಲಿಲ್ಲ. ಅವಳ ಎಡಗಣ್ಣು ಹುಟ್ಟಿನಿಂದಲೇ ಮಂದ. ನೋಡುವವರಿಗೆ ಏನೂ ಗೊತ್ತಾಗದಿದ್ದರೂ ಅದಕ್ಕೆ ಕಾಣುವುದೆಲ್ಲ ಮಂಜಿನೊಳಗಿನ ಬಣ್ಣಗಳಷ್ಟೇ. ಕೆಲಸವೆಲ್ಲ ಬಲಗಣ್ಣಿನದು. ಹೆಣ್ಣು ನೋಡಲು ಬಂದ ದಿನವೇ ಅವಳ ಅಪ್ಪ ಮುಚ್ಚುಮರೆಯಿಲ್ಲದೆ ಇದನ್ನು ಹೇಳಿದ್ದರು. ವಿನೀತ ಆಗ, "ಒಂದು ಕಣ್ಣು ಸಾಕ್ರಿ, ನಾ ಅಷ್ಟೇನು ನೋಡೂವಂಗ ಇಲ್ಲ," ಎಂದು ಎಲ್ಲರನ್ನೂ ನಗಿಸಿದ್ದ. ಆ ಮಾತಿಗೆ ಮನಸೋತು ಅವಳು ಒಪ್ಪಿಕೊಂಡಿದ್ದಳು.

ಆ ಒಂದು ಕಣ್ಣಿನಿಂದ ಅವಳು ಕಸೂತಿ ಹಾಕುತ್ತಿದ್ದಳು. ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ಬರೆದುಕೊಂಡು ಹಾಕುವ ಕಸೂತಿಯಲ್ಲ. ಅವಳ ತಾಯಿ ಕಲಿಸಿದ್ದು ಎಳೆ ಎಣಿಸಿ ಹಾಕುವ ಹಳೆಯ ಕಸೂತಿ. ನೇಯ್ಗೆಯ ಎಳೆಗಳನ್ನು ಎಣಿಸುತ್ತ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೋಗಬೇಕು. ಅದೇ ದಾರಿಯಲ್ಲಿ ವಾಪಸ್ಸು ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಬರಬೇಕು. ಒಂದೂ ಗಂಟು ಇರಬಾರದು, ಹಿಂದು ಮುಂದು ಒಂದೇ ಥರ ಕಾಣಬೇಕು. ಒಂದು ಎಳೆ ತಪ್ಪಿದರೆ ಆನೆಯ ಸೊಂಡಿಲು ಎಲ್ಲೋ, ಆನೆ ಎಲ್ಲೋ. ಬಟ್ಟೆಯ ಮೇಲೆ ಮೊದಲೇ ಬರೆದುಕೊಳ್ಳುವವರನ್ನು ಕಂಡರೆ ಅವಳ ತಾಯಿ ಮಾತೇ ಆಡಿಸುತ್ತಿರಲಿಲ್ಲ. ಈಗ ಅಕ್ಕನ ಮಗಳು ಋತುಜಾಳ ಮದುವೆಗೆಂದು ಒಂದು ಕಪ್ಪು ಚಂದ್ರಕಾಳಿ ಸೀರೆ ಹಿಡಿದು ಒಂದು ವರ್ಷವಾಗಿತ್ತು. ಸೆರಗು ಮುಗಿದಿತ್ತು, ಅಂಚು ಅರ್ಧ ಉಳಿದಿತ್ತು.

ಯಂತ್ರ ನಡೆಯತೊಡಗಿದಾಗ ವಿನೀತನಿಗೆ ಚಿತ್ರ ಬೇಕಾದವು. ಸುರಭಿಯ ಹತ್ತಿರ ಚೌಕುಳಿ ಹಾಳೆಯ ಹಳೆಯ ಪುಸ್ತಕವಿತ್ತು. ತಾಯಿಯ ಕಾಲದಿಂದ ಬಂದ ಗೋಪುರ, ತುಳಸಿಕಟ್ಟೆ, ತೊಟ್ಟಿಲು, ನವಿಲು ಎಲ್ಲ ಅದರೊಳಗೆ ಇದ್ದವು. ಅವಳು ಚೌಕುಳಿಯ ಒಂದು ಮನೆಯಿಂದ ಇನ್ನೊಂದಕ್ಕೆ ಎಣಿಸಿ, "ಮ್ಯಾಲೆ ಎರಡು, ಬಲಕ್ಕ ಮೂರು, ಕೆಳಗ ಒಂದು," ಎನ್ನುತ್ತ ಹೋದರೆ ಅವನು ಕಂಪ್ಯೂಟರಿಗೆ ಹಾಕುತ್ತ ಹೋಗುತ್ತಿದ್ದ. ಸಂಜೆಗಳು ಹಾಗೇ ಕಳೆದವು. ಮಕ್ಕಳಾಗದ ದಂಪತಿಗಳು ಅವರು. ಹದಿನೇಳು ವರ್ಷದಲ್ಲಿ ಒಟ್ಟಿಗೆ ಕೂತು ಮಾಡಿದ ಕೆಲಸ ಅಂತ ಇದೊಂದೇ. ಮೊದಲ ಗೋಪುರ ಸರಿಯಾಗಿ ಮೂಡಿದ ದಿನ ಅವನು ಆ ಕಟ್ಟಿಗೆಯ ತುಂಡನ್ನು, ಇನ್ನೂ ಬಿಸಿ ಇರುವಾಗಲೇ, ಅವಳ ಅಂಗೈ ಮೇಲಿಟ್ಟ.

"ಇದು ನಂದಲ್ಲ, ನಮ್ಮಿಬ್ಬರ ಮಷೀನು," ಎಂದ.

ಅವಳಿಗೆ ಕಣ್ಣು ತುಂಬಿ ಬಂತು. ಮದುವೆಯಾದ ಮೇಲೆ ಅಷ್ಟು ಸುಖಪಟ್ಟ ದಿನ ಇನ್ನೊಂದಿರಲಿಲ್ಲ, ಸುಳ್ಳೇಕೆ ಹೇಳುವುದು.

ಲೇಸರ್ ತಲೆಯ ಪೊಟ್ಟಣದೊಳಗೆ ಒಂದು ಹಸಿರು ಕನ್ನಡಕ ಪುಕ್ಕಟೆ ಬಂದಿತ್ತು. ಬೆಳಕು ಉರಿಯುವಾಗ ಅದನ್ನು ಹಾಕಿಕೊಳ್ಳಲೇಬೇಕು. ಹಾಕಿಕೊಳ್ಳುತ್ತಿದ್ದವನು ವಿನೀತ. ಇನ್ನೊಂದು ತರಿಸಿ ಎಂದು ಸುರಭಿ ಎರಡು ಸಲ ಹೇಳಿದಳು.

"ಮುಂದಿನ ಆರ್ಡರಿನ ಜೋಡಿ ತರಸ್ತೇನಿ. ಅಲ್ಲೀತನಕ ನೀ ಆ ಕಡೆ ನೋಡು," ಎಂದ. ಅವಳು ಆ ಕಡೆ ನೋಡುತ್ತಿದ್ದಳು.

ಅಷ್ಟರಲ್ಲಿ ವೆಂಕಣ್ಣನವರಿಗೆ ಎಂಬತ್ತೊಂದು ತುಂಬಿ ಸಹಸ್ರಚಂದ್ರದರ್ಶನದ ಶಾಂತಿ ನಿಶ್ಚಯವಾಯಿತು. ಬಂದವರಿಗೆಲ್ಲ ಒಂದೊಂದು ಸ್ಟೀಲ್ ಬಟ್ಟಲು ಕೊಡುವುದು, ಅದರ ಮೇಲೆ ಹೆಸರು ಹಾಕಿಸುವುದು. ಈ ಸೀಮೆಯಲ್ಲಿ ಹೆಸರಿಲ್ಲದ ಪಾತ್ರೆ ಕೊಟ್ಟರೆ ಕೊಟ್ಟ ಹಾಗೆಯೇ ಅಲ್ಲ. ಯಾರ ಮನೆಯ ಅಡುಗೆಮನೆಗೆ ಹೋದರೂ ಲೋಟದ ಮೇಲೆ ಸತ್ತವರ, ಇದ್ದವರ, ಮಾತು ಬಿಟ್ಟವರ ಹೆಸರು ಓದುತ್ತ ನೀರು ಕುಡಿಯಬಹುದು. ಪಾತ್ರೆ ಅಂಗಡಿಯಲ್ಲಿ ಗುರ್ ಎನ್ನುವ ಮೊಳೆಯಿಂದ ಹೆಸರು ಕೊರೆಯುವವನು ಕೂತಿರುತ್ತಾನೆ. ಅವನಿಗೆ ಹೇಳಿದ್ದರೆ ಒಂದು ಮಧ್ಯಾಹ್ನದ ಕೆಲಸ.

"ಮನ್ಯಾಗ ಮಷೀನ ಇಟಗೊಂಡು ಅಂಗಡಿಗೆ ಯಾಕ?" ಎಂದರು ತಾರಾಬಾಯಿ. ನಾಲ್ಕು ತಿಂಗಳ ಆಟ ಎಂದಿದ್ದವರು ಈಗ ಬೀಗರೆದುರು ಹೇಳಿಕೊಳ್ಳಲು ಒಂದು ಮಾತು ಸಿಕ್ಕಿತೆಂದು ಉಬ್ಬಿದ್ದರು. ವಿನೀತನೂ ಉಬ್ಬಿದ.

ಈ ಲೇಸರಿಗೆ ಉಕ್ಕು ನೇರವಾಗಿ ದಕ್ಕುವುದಿಲ್ಲ. ಮೇಲೆ ಕಪ್ಪು ಬಣ್ಣ ಬಳಿದು ಒಣಗಿಸಿ, ಆ ಬಣ್ಣವನ್ನು ಸುಟ್ಟರೆ ಅಕ್ಷರ ಕೂರುತ್ತದೆ. ಬಟ್ಟಲಿನ ಹೊಟ್ಟೆ ದುಂಡಗೆ, ಅಡ್ಡ ಮಲಗಿಸಿದರೆ ಉರುಳುತ್ತದೆ. ಅದಕ್ಕೇ ಸುರಭಿ ಎರಡೂ ಕೈಯಿಂದ ಹಿಡಿದು ಕೂರಬೇಕಾಯಿತು. ಆ ಕಡೆ ನೋಡುತ್ತ ಹಿಡಿದರೆ ಬಟ್ಟಲು ಸರಿದದ್ದು ಗೊತ್ತಾಗುವುದಿಲ್ಲ, ಈ ಕಡೆ ನೋಡಿದರೆ ಬೆಳಕು. ಮೊದಲ ಆರು ಬಟ್ಟಲಿಗೆ ಅರೆಗಣ್ಣು ಮುಚ್ಚಿ, ಕುತ್ತಿಗೆ ಓರೆ ಮಾಡಿ ಹೇಗೋ ಸಂಭಾಳಿಸಿದಳು. ಆರೂ ಚೆನ್ನಾಗಿ ಬಂದವು.

ಏಳನೆಯದಕ್ಕೆ ಬಣ್ಣ ಒಂದು ಕಡೆ ತೆಳ್ಳಗಾಗಿತ್ತು. 'ವೆಂಕಣ್ಣ' ಮುಗಿದು 'ತಾರಾಬಾಯಿ' ಶುರುವಾಗುವಾಗ ಬಟ್ಟಲು ಕೂದಲೆಳೆಯಷ್ಟು ಸರಿಯಿತು ಎಂದು ಸುರಭಿಗೆ ಅನಿಸಿತು, ಕಣ್ಣು ಬಿಟ್ಟು ನೋಡಿದಳು. ನೀಲಿ ಬೆಳಕು ಬೋಳು ಉಕ್ಕಿಗೆ ತಾಗಿ ಎಗರಿತು. ನೋವೇನೂ ಆಗಲಿಲ್ಲ. ಕಣ್ಣೊಳಗೆ ಯಾರೋ ಫೋಟೋ ತೆಗೆದ ಹಾಗೆ ಆಯಿತು, ಅಷ್ಟೆ. ಅವಳು ಕೈಬಿಟ್ಟಳು.

"ವಾಟಗಾ ಸರೀತೇನು?" ಎಂದು ಬಟ್ಟಲ ಬಗ್ಗೆಯೇ ಕೇಳಿದ ವಿನೀತ, ಹಸಿರು ಕನ್ನಡಕದೊಳಗಿಂದ.

ಅವಳು ಅವನ ಮುಖ ನೋಡಿದಳು. ಮುಖ ಇರಲಿಲ್ಲ. ಎರಡು ಕಿವಿ, ಮೇಲೆ ಕೂದಲು, ಕೆಳಗೆ ಅಂಗಿಯ ಕಾಲರು, ನಡುವೆ ಒಂದು ಕಪ್ಪು ಬಿಲ್ಲೆ. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು, ಬಿಲ್ಲೆ ಅಲ್ಲೇ ಇತ್ತು. ಮಾರನೆಯ ಬೆಳಿಗ್ಗೆಯೂ ಇತ್ತು.

ಕಾರಿನಲ್ಲಿ ಕಣ್ಣಿನ ದವಾಖಾನೆಗೆ ಹೋಗುವಾಗ ವಿನೀತ ದಾರಿಯುದ್ದಕ್ಕೂ ಮಾತಾಡಿದ. "ಲೇಸರ್ ಅಂತ ಹೇಳಬ್ಯಾಡ. ಅವರು ಬರಕೋತಾರ, ಪೊಲೀಸ್ ಗಿಲೀಸ್ ಅಂತ ಹೊಂಟ್ರ ನನ್ನ ನೌಕರೀಗೆ ಸಂಚಕಾರ. ಅಪ್ಪನ ಶಾಂತಿಗೆ ಎಂಟು ದಿನ ಉಳದಾವ. ಮನಿ ಮುಂದ ವೆಲ್ಡಿಂಗ್ ನಡದಿತ್ತು, ನೋಡಿದೆ ಅಂತ ಹೇಳು. ಔಷಧ ಎರಡಕ್ಕೂ ಒಂದ ಇರ್ತದ."

ಎರಡಕ್ಕೂ ಔಷಧ ಒಂದೇ ಎಂದು ಅವನಿಗೆ ಯಾರು ಹೇಳಿದ್ದರೋ. ಆದರೆ ಸುರಭಿ ನಂಬಿದಳು, ನಂಬುವುದು ಸುಲಭವಿತ್ತು. ಗಂಡನ ಮೇಲೆ ಒಂದು ಮಾತು ಬರಗೊಡಬಾರದು ಎಂಬುದನ್ನು ತವರಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ, ಎಲ್ಲರನ್ನೂ ನೋಡುತ್ತ ಅವಳೇ ಕಲಿತಿದ್ದಳು.

ಡಾಕ್ಟರ್ ಶಾಹಿದಾ ವಯಸ್ಸಾದ ಹೆಂಗಸು, ಮಾತು ಕಡಿಮೆ. ಕಣ್ಣೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ವಿನೀತನ ಕೈಗೆ ಚೀಟಿ ಕೊಟ್ಟು ಔಷಧ ತರಲು ಹೊರಗೆ ಕಳಿಸಿದರು. ಬಾಗಿಲು ಮುಚ್ಚಿದ ಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ವೆಲ್ಡಿಂಗ್ ನೋಡಿದ್ರ ಸುಡೋದು ಮ್ಯಾಲಿನ ಪದರ, ರಾತ್ರಿಯೆಲ್ಲ ಉರೀತದ. ನಿಮಗ ಒಳಗ ಸುಟ್ಟದ, ಒಂದ ಚುಕ್ಕಿ, ಬರೋಬ್ಬರಿ ನಟ್ಟನಡುವ. ಈಗ ಅವರು ಇಲ್ಲ. ಖರೇ ಏನಾತು ಹೇಳ್ರಿ ನನಗ."

ಸುರಭಿಗೆ ಡಾಕ್ಟರ ಬಿಳಿಯ ಕೋಟು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಹೇಳಿಬಿಡಲೇ ಅನ್ನಿಸಿತು. ಹೇಳಿದರೆ ಅವನು ಹಿಂದಿರುಗಿ ಬಂದಾಗ ಹೇಗೆ ನಿಲ್ಲುತ್ತಾನೆ ಎಂಬುದೊಂದು ಕಣ್ಣಿಗೆ ಕಟ್ಟಿತು. ಪಾಪ ಅನ್ನಿಸಿತು. ಕಣ್ಣು ಹೋದವಳು ಅವಳು, ಅವಳಿಗೆ ಪಾಪ ಅನ್ನಿಸಿದ್ದು ಅವನನ್ನು ನೆನೆದು.

"ವೆಲ್ಡಿಂಗ್‌ರಿ," ಎಂದಳು.

ಡಾಕ್ಟರು ಕುರ್ಚಿ ಹಿಂದಕ್ಕೆ ಸರಿಸಿ ಪೆನ್ನು ತೆಗೆದುಕೊಂಡರು. ಆಮೇಲೆ, "ನೀವು ಹೇಳಿದ್ದನ್ನ ಬರೀತೇನಿ," ಎಂದು ಬರೆದರು.

ಗಾಯ ಆರಿತು, ಕಲೆ ಉಳಿಯಿತು. ಆ ಕಲೆ ಹೋಗುವುದಿಲ್ಲ ಎಂದು ಮೂರನೆಯ ಸಲ ಹೋದಾಗ ಹೇಳಿದರು.

ಈ ನಡುವೆ ವಿನೀತ ಯಂತ್ರಕ್ಕೆ ಡಬ್ಬಿ ಮಾಡಿದ. ಪ್ಲೈವುಡ್ಡಿನ ನಾಲ್ಕು ಗೋಡೆ, ಮೇಲೆ ಕಡುಬಣ್ಣದ ಮುಚ್ಚಳ, ಒಳಗೆ ಬಟ್ಟಲು ಉರುಳದ ಹಾಗೆ ಹಿಡಿಯಲು ಎರಡು ಕಟ್ಟಿಗೆಯ ತುಂಡು. ಎರಡು ದಿನದ ಕೆಲಸ. ಸುರಭಿ ವರಾಂಡದ ಬಾಗಿಲಲ್ಲಿ ನಿಂತು ಸುತ್ತಿಗೆಯ ಸದ್ದು ಕೇಳುತ್ತ ಎಣಿಸಿದಳು. ಶನಿವಾರ ಶುರು ಮಾಡಿದ್ದು, ಭಾನುವಾರ ಊಟದ ಹೊತ್ತಿಗೆ ಮುಗಿದಿತ್ತು. ಉಳಿದ ಬಟ್ಟಲುಗಳಿಗೆಲ್ಲ ಹೆಸರು ಹಾಕಿ, ಏಳನೆಯದನ್ನೂ ಉಜ್ಜಿ ಮತ್ತೊಮ್ಮೆ ಹಾಕಿ ರಾಶಿಗೆ ಸೇರಿಸಿದ.

ಶಾಂತಿಯ ದಿನ ಬಟ್ಟಲು ಹಂಚುವ ಕೆಲಸ ಸುರಭಿಗೆ ಬಂತು. ಅರಿಷಿಣ ಕುಂಕುಮದ ತಟ್ಟೆಯ ಪಕ್ಕ ನಿಂತು, ಮುಂದೆ ಬಂದ ಸೀರೆಗೊಂದು ಬಟ್ಟಲು ಕೊಟ್ಟಳು. ಯಾರ ಸೀರೆಯೋ ಗೊತ್ತಿಲ್ಲ. ಸೋದರತ್ತೆಯೊಬ್ಬರನ್ನು ಗುರುತಿಸದೆ ಸುಮ್ಮನೆ ನಿಂತಾಗ ಅವರು, "ಸೊಸಿಗೆ ಭಾಳ ಸೊಕ್ಕು ಬಂದದ," ಎಂದು ಕೇಳಿಸುವ ಹಾಗೆಯೇ ಅಂದರು. ತಾರಾಬಾಯಿ ತಕ್ಷಣ, "ಹಂಗೇನಿಲ್ಲ, ಸಕ್ಕರಿ ಬ್ಯಾನಿ, ಕಣ್ಣಿಗೆ ಏರೇದ," ಎಂದು ಸೊಸೆಯ ಮೇಲೆ ಹೊಸದೊಂದು ರೋಗ ಹೊರಿಸಿದರು. ಹಿಂದೆ ಗಂಡಸರ ಗುಂಪಿನಲ್ಲಿ ಬಟ್ಟಲು ಕೈಯಿಂದ ಕೈಗೆ ಹೋಗುತ್ತಿತ್ತು. ವಿನೀತನ ಕೈಚಳಕವನ್ನು ಹೊಗಳದವರಿಲ್ಲ.

ಮುಂದಿನ ವಾರ ಅವಳು ಚಂದ್ರಕಾಳಿ ಸೀರೆ ತೆಗೆದಳು. ಕಿಟಕಿಯ ಬೆಳಕಿಗೆ ಕೂತು ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದಳು. ಬಲಗಣ್ಣಿನಿಂದ ನೋಡಿದರೆ ಎಣಿಸಬೇಕಾದ ಎಳೆಯ ಮೇಲೆಯೇ ಕಪ್ಪು ಬಿಲ್ಲೆ ಕೂರುತ್ತದೆ. ಎಡಗಣ್ಣಿಗೆ ಎಳೆಗಳೇ ಇಲ್ಲ. ಬೆರಳಿನಿಂದ ತಡಕಿ ತಡಕಿ ಒಂದು ಸಾಲು ಹೋದಳು, ವಾಪಸ್ಸು ಬರುವಾಗ ಒಂದೂ ಕೂಡಲಿಲ್ಲ. ಹಾಕಿದ್ದನ್ನು ಬಿಚ್ಚಿದಳು, ಮತ್ತೆ ಹಾಕಿದಳು. ಸಂಜೆಯ ಹೊತ್ತಿಗೆ ಬೆರಳ ತುದಿಗಳೆಲ್ಲ ಚುಚ್ಚಿ ಕೆಂಪಾಗಿದ್ದವು, ಬಟ್ಟೆ ಸವೆದಿತ್ತು. ಅಂದು ಅವಳು ಅತ್ತದ್ದು ಮನೆಯ ಮೂವರಿಗೂ ಕೇಳಿಸಿತು. ಯಾರೂ ಬರಲಿಲ್ಲ. ಋತುಜಾಳ ಮದುವೆಗೆ ಅಂಗಡಿಯ ಸೀರೆ ಹೋಯಿತು.

ನಾಲ್ಕು ತಿಂಗಳು ಅವಳು ಒಂದೇ ಒಂದು ಮಾತಿಗೆ ಕಾದಳು. ತಪ್ಪಾಯಿತು ಎಂದು ಅವನು ಒಮ್ಮೆ ಅಂದರೆ ಸಾಕಿತ್ತು. ಬರೀ ಅಂದರೆ ಸಾಕಿತ್ತು, ಅಳಬೇಕಾಗಿಯೂ ಇರಲಿಲ್ಲ. ಅವನು ಔಷಧ ತಂದ, ಕೈ ಹಿಡಿದು ರಸ್ತೆ ದಾಟಿಸಿದ, ಪೇಪರು ಓದಿ ಹೇಳಿದ, ಆ ಮಾತೊಂದನ್ನು ಬಿಟ್ಟು ಬೇಕಾದ್ದೆಲ್ಲ ಆಡಿದ.

ಮಾತಿನ ಬದಲು ಒಂದು ದಿನ ಒಂದು ಬಟ್ಟೆ ತಂದು ಅವಳ ಮಡಿಲಲ್ಲಿ ಹಾಕಿದ. "ಇನ್ನ ಎಳಿ ಎಣಸೋದ ಬ್ಯಾಡ. ಮಷೀನಿನಿಂದ ಸಣ್ಣ ಸಣ್ಣ ತೂತು ಸುಟ್ಟೇನಿ. ಬಳ್ಳಿಗೆ ಹತ್ತತಾವ ನೋಡು. ತೂತಿನಾಗ ಸೂಜಿ ಹಾಕ್ಕೋತ ಹೋಗು, ನವಿಲು ತಾನ ಆಗತದ." ಬಳ್ಳಿಗೆ ಎಂದರೆ ಬೆರಳಿಗೆ. ಸುರಭಿ ಬೆರಳಾಡಿಸಿದಳು. ಸುಟ್ಟ ತೂತುಗಳ ಅಂಚು ಒರಟಾಗಿ ಹತ್ತಿತು. ತಾಯಿ ಬದುಕಿದ್ದರೆ ಈ ಬಟ್ಟೆಯನ್ನು ಒಲೆ ಒರೆಸಲೂ ಇಟ್ಟುಕೊಳ್ಳುತ್ತಿರಲಿಲ್ಲ. ಮಡಚಿ ಪಕ್ಕಕ್ಕಿಟ್ಟಳು. ಅವನು ಅದನ್ನು ಒಪ್ಪಿಗೆ ಎಂದುಕೊಂಡ.

ಧಾರವಾಡದ ಒಂದು ಕಾಲೇಜಿನ ಸಭಾಂಗಣದಲ್ಲಿ ಹವ್ಯಾಸಿಗಳು ಕೈಯಾರೆ ಮಾಡಿದ ಯಂತ್ರಗಳ ಪ್ರದರ್ಶನವಿತ್ತು. ವಿನೀತ ಡಬ್ಬಿ ಸಮೇತ ಯಂತ್ರ ಒಯ್ದ, ತೂತಿನ ಬಟ್ಟೆಗಳನ್ನು ಒಯ್ದ, ಸುರಭಿಯನ್ನೂ ಒಯ್ದ. ಮೇಜಿನ ಮೇಲೊಂದು ಫಲಕ ಸುಟ್ಟು ನಿಲ್ಲಿಸಿದ್ದ; 'ದೃಷ್ಟಿ ಕುಂದಿದ ಪತ್ನಿಗಾಗಿ' ಎಂದು ಅದರಲ್ಲಿ ಇದೆಯೆಂದು ಅವಳಿಗೆ ಗೊತ್ತಾದದ್ದು ಬಂದವರು ಜೋರಾಗಿ ಓದಿದಾಗ. ಓದಿದವರೆಲ್ಲ ಅಯ್ಯೋ ಅಂದರು, ಆಮೇಲೆ ಅವನಿಗೆ ಕೈಕೊಟ್ಟರು. ಇಂಥ ಗಂಡ ಸಿಗಲು ಪುಣ್ಯ ಬೇಕು ಎಂದು ಒಬ್ಬ ಹೆಂಗಸು ಅವಳ ಭುಜ ತಟ್ಟಿದಳು.

ಕಾಲೇಜಿನ ಹುಡುಗಿಯೊಬ್ಬಳು ಮಾತ್ರ, "ಮೇಡಮ್, ನಿಮ್ಮ ಕಣ್ಣಿಗೆ ಏನಾಗೇತ್ರಿ?" ಎಂದು ಅವಳನ್ನೇ ಕೇಳಿದಳು.

"ಸಕ್ಕರಿ ಕಾಯಿಲೆವಾ," ಎಂದ ವಿನೀತ.

"ಸಕ್ಕರಿ ಇಲ್ಲ ನನಗ," ಎಂದಳು ಸುರಭಿ. ದನಿ ತಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. "ಇದ ಮಷೀನಿನ ಬೆಳಕು ಬಿದ್ದು ಹೋತು. ಆವಾಗ ಈ ಡಬ್ಬಿ ಇರಲಿಲ್ಲ. ಇವರು ಕನ್ನಡಕ ಹಾಕ್ಕೊಂಡಿದ್ರು, ನನಗ ಇರಲಿಲ್ಲ."

ವಿನೀತ ನಕ್ಕು, "ಭಾಳ ದಿನದಿಂದ ಮನಸ್ಸಿಗೆ ಹಚಗೊಂಡಾಳ್ರಿ," ಎಂದ, ಜನ ಅವನ ಕಡೆಗೇ ಕನಿಕರದಿಂದ ತಲೆಯಾಡಿಸುತ್ತ ಮುಂದಿನ ಮೇಜಿಗೆ ಸರಿದರು.

ಮನೆಗೆ ಬಂದವನೇ ಅವನು ತಾಯಿಗೆ ಎಲ್ಲ ಹೇಳಿದ. ತಾರಾಬಾಯಿ ಹಣೆ ಚಚ್ಚಿಕೊಂಡರು. "ನಾಕ ಮಂದಿ ಮುಂದ ಗಂಡನ ಮರ್ಯಾದಿ ತಗದೆಲ್ಲ ಸುರಭಿ. ಏನ್ ಕಡಿಮಿ ಮಾಡಿದ್ದ ನಿನಗ?"

"ನಾ ಖರೇ ಹೇಳಿದೆ ಅತ್ತಿ."

ವಿನೀತ ಒಳಗೆ ಹೋದ. ಕಪಾಟು ತೆರೆದ ಸದ್ದಾಯಿತು. ವಿಮಾ ಕಚೇರಿಯ ಮನುಷ್ಯ. ಯಾವ ಕಾಗದ ಎಲ್ಲಿದೆ ಎಂದು ಅವನು ಹುಡುಕಬೇಕಾಗಿರಲಿಲ್ಲ. ಹೊರಗೆ ಬಂದು ದವಾಖಾನೆಯ ಹಾಳೆಯೊಂದನ್ನು ಅವಳ ಕೈಗೆ ಕೊಟ್ಟ.

"ಖರೇ ಇಲ್ಲೆ ಅದ. ಓದು."

ಅವಳು ಹಾಳೆ ಹಿಡಿದಳು. ಅಂಚು ಕಂಡಿತು, ಮೂಲೆಯ ಮುದ್ರೆಯ ನೀಲಿ ಕಂಡಿತು. ನಡುವೆ ಏನೂ ಇರಲಿಲ್ಲ. ಹಾಳೆಯನ್ನು ಓರೆ ಮಾಡಿದಳು, ಎಡಗಣ್ಣಿನ ಹತ್ತಿರ ತಂದಳು.

"ನನಗ ಓದಲಿಕ್ಕೆ ಬರಂಗಿಲ್ಲಲ್ಲ," ಎಂದಳು.

ಅವನು ಹಾಳೆ ಇಸಿದುಕೊಂಡು ತಾನೇ ಓದಿದ. ಸ್ವಚ್ಛವಾಗಿ, ತಾರೀಖು ಸಮೇತ, ತಾಯಿಗೆ ತಿಳಿಯಲೆಂದು ಕನ್ನಡದಲ್ಲಿ ಬಿಡಿಸಿ ಓದಿದ: ಮನೆ ಮುಂದೆ ವೆಲ್ಡಿಂಗ್ ನೋಡಿದ್ದರಿಂದ ಆಗಿದೆ ಎಂದು ರೋಗಿಯೇ ಹೇಳಿದ್ದಾಳೆ, ಒಬ್ಬಳೇ ಇದ್ದಾಗ ಮತ್ತೊಮ್ಮೆ ಕೇಳಿದರೂ ಅದನ್ನೇ ಹೇಳಿದ್ದಾಳೆ. ತಾರಾಬಾಯಿ ಹೌದಲ್ಲ ಎಂಬಂತೆ ಉಸಿರು ಬಿಟ್ಟರು.

"ಹಂಗ ಹೇಳು ಅಂದವರು ಯಾರ್ರಿ?" ಎಂದಳು ಸುರಭಿ.

ವಿನೀತ ಹಾಳೆಯ ಹಿಂಬದಿ ತಿರುವಿ ನೋಡಿದ. ಮತ್ತೆ ಮುಂಬದಿ ನೋಡಿದ. ಆಮೇಲೆ ಅದನ್ನು ತಂದು ಅವಳ ಮಡಿಲಲ್ಲಿಟ್ಟ.

"ಅದು ಎಲ್ಲಿ ಬರದದ, ತೋರಿಸು," ಎಂದ.